ಪಡುವಣ ಗಾಳಿಯಲ್ಲಿ ಔರಾದದ ದಾರಿ

ಆಷಾಢಮಾಸದ ಒಂದು ಅಪರಾಹ್ಣದಲ್ಲಿ, ಔರಾದ ಸೀಮೆಯ ಎರೆಹೊಲದ ಬದುವಿನ ಮೇಲೆ, ಉದ್ದು ಹೆಸರುಗಳ ಎಳೆಯ ಪೈರನ್ನೆಲ್ಲ ಒಂದೇ ಕಡೆಗೆ ಬಾಗಿಸುತ್ತ ಬೀಸುವ ಪಡುವಣ ಗಾಳಿಗೆ ಪಕ್ಕೆಯೊಡ್ಡಿ ದಕ್ಷಿಣಾಭಿಮುಖನಾಗಿ ನಿಂತು, ಬೀದರದ ಕಡೆಯಿಂದ ಬರುತ್ತಿರುವ ಸಣ್ಣದೊಂದು ವಿಮಾನವನ್ನು ತಾಳ್ಮೆಯಿಂದ ನೋಡಬಲ್ಲವನಿಗೆ, ಮೊದಲ ನೋಟಕ್ಕೆ ವಿಚಿತ್ರವೆನಿಸಿ ವಿಚಾರಿಸಿದಷ್ಟೂ ಅರ್ಥವತ್ತಾಗುವ ಸಂಗತಿಯೊಂದು ಗೋಚರವಾಗುವುದು. ವಿಮಾನದ ಮೂತಿ ನೋಡುತ್ತಿರುವ ದಿಕ್ಕು ಒಂದು. ವಿಮಾನವು ಸಾಗುತ್ತಿರುವ ದಿಕ್ಕು ಇನ್ನೊಂದು. ಮೂತಿಯು ತುಸು ಉದಗೀರದ ಕಡೆಗೆ ಓರೆಯಾಗಿದೆ. ಬರುತ್ತಿರುವುದು ಮಾತ್ರ ನೇರವಾಗಿ ಔರಾದದ ಅಮರೇಶ್ವರ ಗುಡಿಯತ್ತಲೇ. ನೆಲದ ಮೇಲೆ ನಿಂತವನಿಗೆ ಚಾಲಕನ ಅನವಧಾನದಂತೆ ಕಾಣುವ ಆ ಓರೆಯೇ ಆತನು ಹಾರುವುದಕ್ಕೆ ಮೊದಲು ಕುಳಿತು ಮಾಡಿದ ಲೆಕ್ಕದ ಫಲವಾಗಿರುವುದು.

ಈ ಓರೆಯ ನಡೆಯು ನಮ್ಮ ಜನಕ್ಕೆ ಅಪರಿಚಿತವಾದುದಲ್ಲ. ಮಳೆಗಾಲದಲ್ಲಿ ದಡ ತುಂಬಿ ಹರಿಯುವ ಹೊಳೆಯನ್ನು ಹರಿಗೋಲಿನಲ್ಲಿ ದಾಟಿಸುವ ಅಂಬಿಗನು ಎದುರು ದಡದ ಘಟ್ಟವನ್ನು ಮುಟ್ಟಬೇಕಾದರೆ ಆ ಘಟ್ಟದ ಕಡೆಗೇ ಹುಟ್ಟು ಹಾಕುವುದಿಲ್ಲ. ಘಟ್ಟಕ್ಕಿಂತ ಎಷ್ಟೋ ಮೇಲಕ್ಕೆ, ಪ್ರವಾಹದ ಮೂಲದ ಕಡೆಗೆ ಮುಖ ಮಾಡಿ ಹೊರಡುತ್ತಾನೆ, ಹೊಳೆಯು ತನ್ನ ಪಾಲಿನಷ್ಟು ಕೆಳಗೆಳೆಯುತ್ತದೆ, ಎರಡೂ ಕೂಡಿ ಹರಿಗೋಲು ಸರಿಯಾದ ಸ್ಥಳಕ್ಕೆ ಸೇರುತ್ತದೆ. ಅಂಬಿಗರ ಚೌಡಯ್ಯನಂಥ ವಚನಕಾರನನ್ನು ಕೊಟ್ಟ ಆ ಕಾಯಕದ ಕೈಗಳಿಗೆ ಈ ಗಣಿತವು ತಲೆಮಾರುಗಳಿಂದ ಅಭ್ಯಾಸವಾಗಿ ಬಂದಿತು. ಹಾರಾಟದ ವಿದ್ಯಾರ್ಥಿಗೆ ಆ ತಲೆಮಾರುಗಳ ಅಭ್ಯಾಸವಿಲ್ಲ. ಅವನ ಹೊಳೆಯು ಕಣ್ಣಿಗೆ ಕಾಣುವುದೂ ಇಲ್ಲ. ಆದುದರಿಂದ ಅಂಬಿಗನ ತೋಳು ತಿಳಿದದ್ದನ್ನು ಅವನು ಅಂಕಿಗಳಲ್ಲಿ ತಿಳಿಯಬೇಕಾಗುತ್ತದೆ.

ಬೀದರದ ಆಕಾಶದಲ್ಲಿ ಈ ವಿದ್ಯೆಯ ಅಭ್ಯಾಸವು ನಿನ್ನೆ ಮೊನ್ನೆ ಆರಂಭವಾದುದಲ್ಲ. 1960ರ ದಶಕದಿಂದ ಇಲ್ಲಿಯ ವಾಯುನೆಲೆಯಲ್ಲಿ ಭಾರತೀಯ ವಾಯುಪಡೆಯ ಎಳೆಯ ಚಾಲಕರು ಮೊದಲ ಪಾಠಗಳನ್ನು ಕಲಿತರು. ಅವರು ಆಗ ಹಾರಿಸಿದ ಎಚ್‌ಟಿ-2 ವಿಮಾನವು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು, 1951ರ ಆಗಸ್ಟ್ ತಿಂಗಳಲ್ಲಿ ಮೊದಲ ಸಲ ಮೇಲಕ್ಕೇರಿದ ಸ್ವದೇಶೀ ವಿನ್ಯಾಸ. 1996ರಲ್ಲಿ ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡವು ಇಲ್ಲಿಯೇ ಹುಟ್ಟಿತು. 2008ರಿಂದ ಹಾಕ್ ಜೆಟ್ ವಿಮಾನಗಳಲ್ಲಿ ಮುಂದಿನ ಹಂತದ ಶಿಕ್ಷಣವು ನಡೆಯುತ್ತಿದೆ. ಬೀದರ, ಭಾಲ್ಕಿ, ಔರಾದಗಳ ಮಕ್ಕಳು ತಲೆಯೆತ್ತಿ ನೋಡುತ್ತ ಬೆಳೆದ ಆಕಾಶವು ಹೀಗೆ ಒಂದು ಪಾಠಶಾಲೆಯ ಛಾವಣಿಯಾಗಿರುವಾಗ, ಆ ಪಾಠದ ಮೊದಲ ಪುಟದಲ್ಲಿ ಏನಿದೆಯೆಂಬುದನ್ನು ನಮ್ಮ ಭಾಷೆಯಲ್ಲಿ ಒಮ್ಮೆ ಬಿಡಿಸಿ ಹೇಳಬೇಕೆಂಬುದು ನನ್ನ ಬಹುದಿನಗಳ ಆಶೆ.

ಮೊದಲು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ವಿಮಾನದ ಮೂತಿ ನೋಡುವ ದಿಕ್ಕನ್ನು ಚಾಲಕರು ಹೆಡಿಂಗ್ ಎನ್ನುತ್ತಾರೆ. ನಾವು ಮುಖದಿಶೆ ಎನ್ನಬಹುದು. ನೆಲದ ಮೇಲೆ ವಿಮಾನವು ನಿಜವಾಗಿ ಎಳೆಯುವ ಗೆರೆಯೇ ಟ್ರ್ಯಾಕ್, ಅಂದರೆ ಪಥ. ಇವೆರಡರ ನಡುವಿನ ಕೋನವು ಡ್ರಿಫ್ಟ್, ಓರೆಸರಿತ. ಗಾಳಿಯು ವಿಮಾನದ ಪಕ್ಕೆಗೆ ಬಡಿದು ಅದನ್ನು ತಳ್ಳುತ್ತದೆಂದು ಭಾವಿಸುವವರು ಹಲವರು; ಆ ಭಾವನೆಯು ಈ ಶಾಸ್ತ್ರಕ್ಕೆ ಮೊದಲ ಅಡ್ಡಿ. ಇಬ್ಬರು ಹಿಡಿದು ಮೆಲ್ಲಗೆ ಪಕ್ಕಕ್ಕೆ ಎಳೆಯುತ್ತಿರುವ ಜಮಖಾನೆಯ ಮೇಲೆ ಇರುವೆಯೊಂದು ನಡೆಯುವುದನ್ನು ಊಹಿಸಿದರೆ ವಿಷಯವು ತಿಳಿಯಾಗುವುದು: ಇರುವೆಗೆ ಯಾವ ತಳ್ಳಾಟವೂ ಅನುಭವಕ್ಕೆ ಬರುವುದಿಲ್ಲ, ಅದು ಜಮಖಾನೆಯ ಎಳೆಗುಂಟ ನೇರವಾಗಿಯೇ ನಡೆಯುತ್ತದೆ, ಆದರೆ ಕೋಣೆಯ ಗೋಡೆಯನ್ನು ಮುಟ್ಟುವಾಗ ತಾನು ಹೊರಟ ಗುರಿಯಿಂದ ಒಂದು ಮೊಳ ಆಚೆಗಿರುತ್ತದೆ. ವಾಯುಸಮೂಹವೆಂಬುದು ಅಂಥ ಜಮಖಾನೆ. ಅದರೊಳಗಿರುವ ಚಾಲಕನಿಗೆ ಗಾಳಿಯು ಮೈಗೆ ತಾಗುವುದಿಲ್ಲ. ನೆಲವನ್ನು ನೋಡದೆ ಅವನು ಅದನ್ನು ಅರಿಯಲಾರನು.

ಗಾಳಿಗೆ ಹೆಸರಿಡುವ ರೀತಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಹವಾಮಾನಶಾಸ್ತ್ರಜ್ಞರು 260 ಅಂಶದ ಗಾಳಿಯೆಂದರೆ ಅದು 260 ಅಂಶದ ದಿಕ್ಕಿನಿಂದ, ಬಹುಮಟ್ಟಿಗೆ ಪಶ್ಚಿಮದಿಂದ, ಬರುವ ಗಾಳಿ; ವಿಮಾನದ ಪಥವು 349 ಅಂಶವೆಂದರೆ ಅದು ಆ ದಿಕ್ಕಿಗೆ ಹೋಗುವ ಪಥ. ಒಂದು ಬರುವ ಲೆಕ್ಕ, ಇನ್ನೊಂದು ಹೋಗುವ ಲೆಕ್ಕ. ಹೊಸಬರು ಇಲ್ಲಿಯೇ ಎಡವುತ್ತಾರೆ. ಕನ್ನಡ ರೈತನು ಮಾತ್ರ ಎಡವಬೇಕಾದುದಿಲ್ಲ, ಏಕೆಂದರೆ ಪಡುವಣ ಗಾಳಿ, ಮೂಡಣ ಗಾಳಿ ಎಂದು ಅವನೂ ಬರುವ ದಿಕ್ಕಿನಿಂದಲೇ ಗಾಳಿಯನ್ನು ಕರೆದವನು. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ಎತ್ತ ಬೀಳುವುದೆಂಬುದನ್ನು ಆ ಹೆಸರಿನಿಂದಲೇ ತಿಳಿದವನು.

ಈಗ ಕಾಗದದ ಮೇಲೆ ಒಂದು ತ್ರಿಕೋನವನ್ನು ಬರೆಯೋಣ. ಬೀದರದ ಆಕಾಶವು ವಾಯುಪಡೆಯ ಅಧೀನದಲ್ಲಿರುವುದರಿಂದ ಅಲ್ಲಿ ಅನುಮತಿಯಿಲ್ಲದೆ ಯಾರೂ ಸಂಚರಿಸುವಂತಿಲ್ಲ. ನಮ್ಮ ಪ್ರಯಾಣವು ನಕ್ಷೆಯ ಮೇಲಿನದೆಂದೇ ತಿಳಿಯತಕ್ಕದ್ದು. ಬೀದರದ ವಿಮಾನನೆಲೆಯಿಂದ ಔರಾದಕ್ಕೆ ಸುಮಾರು 21 ನಾಟಿಕಲ್ ಮೈಲಿ, ದಿಕ್ಕು 349 ಅಂಶ, ಎಂದರೆ ನೇರ ಉತ್ತರಕ್ಕಿಂತ ಸ್ವಲ್ಪ ಎಡಕ್ಕೆ. ಔರಾದದಿಂದ ಭಾಲ್ಕಿಗೆ ಹದಿನೇಳೂವರೆ ಮೈಲಿ, ದಿಕ್ಕು 224, ನೈಋತ್ಯ. ಭಾಲ್ಕಿಯಿಂದ ಬೀದರಕ್ಕೆ ಮರಳಲು 18 ಮೈಲಿ, ದಿಕ್ಕು 117, ಪೂರ್ವಕ್ಕಿಂತ ತುಸು ದಕ್ಷಿಣಕ್ಕೆ. ನಾಟಿಕಲ್ ಮೈಲಿಯೆಂದರೆ 1852 ಮೀಟರು. ಭೂಮಿಯ ಅಕ್ಷಾಂಶದ ಒಂದು ಕಲೆಯಷ್ಟು, ಎಂದರೆ ಒಂದು ಅಂಶದ ಅರವತ್ತನೆಯ ಪಾಲಿನಷ್ಟು, ದೂರವಾದುದರಿಂದ ನಾವಿಕರೂ ವೈಮಾನಿಕರೂ ಅದನ್ನು ಬಿಟ್ಟುಕೊಟ್ಟಿಲ್ಲ. ಗಂಟೆಗೆ ಅಂಥ ಒಂದು ಮೈಲಿಯ ವೇಗವೇ ಒಂದು ನಾಟ್. ನಮ್ಮ ವಿಮಾನವು ಗಾಳಿಯೊಳಗೆ 90 ನಾಟ್ ವೇಗದಲ್ಲಿ, ನಿಮಿಷಕ್ಕೆ ಒಂದೂವರೆ ಮೈಲಿಯಂತೆ ಓಡತಕ್ಕದ್ದೆನ್ನೋಣ. ಮಳೆಗಾಲದ ಗಾಳಿಯು 260 ಅಂಶದಿಂದ 18 ನಾಟ್ ವೇಗದಲ್ಲಿ ಬೀಸುವುದೆಂದು ಹವಾಮಾನದವರು ತಿಳಿಸಿದ್ದಾರೆನ್ನೋಣ.

ಇಲ್ಲಿ ವಿದ್ಯಾರ್ಥಿಯು ಕೇಳಬೇಕಾದ ಮೊದಲ ಪ್ರಶ್ನೆ: ಈ ಗಾಳಿಯು ಸಂಪೂರ್ಣವಾಗಿ ಅಡ್ಡಬಂದರೆ ನನ್ನನ್ನು ಗರಿಷ್ಠ ಎಷ್ಟು ಅಂಶ ಸರಿಸೀತು? ಉತ್ತರವು ಬಾಯಿಲೆಕ್ಕದ್ದು. ಗಾಳಿಯ ವೇಗವನ್ನು 60ರಿಂದ ಗುಣಿಸಿ ವಿಮಾನದ ವೇಗದಿಂದ ಭಾಗಿಸಬೇಕು. 18ನ್ನು 60ರಿಂದ ಗುಣಿಸಿ 90ರಿಂದ ಭಾಗಿಸಿದರೆ 12. ಇದೇ ಇಂದಿನ ಗರಿಷ್ಠ ಓರೆಸರಿತ. ಈ ಗಾಳಿಯಲ್ಲಿ, ಈ ವಿಮಾನಕ್ಕೆ, ಯಾವ ದಿಕ್ಕಿಗೆ ಹಾರಿದರೂ ತಪ್ಪು 12 ಅಂಶವನ್ನು ಮೀರಲಾರದು. ಅಪರಿಮಿತವಾಗಿ ತೋರುತ್ತಿದ್ದ ಗಾಳಿಗೆ ಹೀಗೊಂದು ಮೇರೆಯನ್ನು ಗುರುತಿಸಿದೊಡನೆ ವಿದ್ಯಾರ್ಥಿಯ ಮನಸ್ಸು ಎಷ್ಟು ಹಗುರಾಗುವುದೆಂಬುದನ್ನು ಕಲಿಸಿದವರೇ ಬಲ್ಲರು. ಇದೇ ಗಾಳಿಯಲ್ಲಿ ನಿಮಿಷಕ್ಕೆ 7 ಮೈಲಿ ಓಡುವ ಜೆಟ್ಟಿಗೆ ಗರಿಷ್ಠ ಓರೆಸರಿತವು ಮೂರು ಅಂಶವನ್ನೂ ಮುಟ್ಟುವುದಿಲ್ಲ, ಔರಾದವು ಮೂರೇ ನಿಮಿಷದ ದಾರಿಯಾಗುತ್ತದೆ. ಆದುದರಿಂದ ಗಾಳಿಯ ಪಾಠವನ್ನು ನಿಧಾನದ ವಿಮಾನವು ಕಲಿಸಿದಷ್ಟು ಚೆನ್ನಾಗಿ ವೇಗದ ವಿಮಾನವು ಕಲಿಸಲಾರದು.

ಗಾಳಿಯು ಪೂರ್ತಿ ಅಡ್ಡವಾಗಿರದೆ ಓರೆಯಾಗಿ ಬಂದರೆ ಹನ್ನೆರಡರಲ್ಲಿ ಎಷ್ಟು ಪಾಲನ್ನು ಹಿಡಿಯಬೇಕು? ತ್ರಿಕೋನಮಿತಿಯ ಜ್ಯಾ ಕೋಷ್ಟಕವನ್ನು ತೊಡೆಯ ಮೇಲಿಟ್ಟುಕೊಂಡು ಯಾರೂ ಹಾರಲಾರರು. ಅದಕ್ಕಾಗಿ ಮಣಿಕಟ್ಟಿನ ಗಡಿಯಾರವನ್ನೇ ಕೋಷ್ಟಕವಾಗಿ ಮಾಡಿಕೊಂಡಿದ್ದಾರೆ. ಗಾಳಿಗೂ ಪಥಕ್ಕೂ ನಡುವಿನ ಕೋನದ ಅಂಶಗಳನ್ನು ನಿಮಿಷಗಳೆಂದು ಭಾವಿಸಬೇಕು. 15 ಅಂಶವಾದರೆ ಕಾಲು ಗಂಟೆ, ಗರಿಷ್ಠದ ಕಾಲುಪಾಲು. 30 ಆದರೆ ಅರ್ಧ. 45 ಆದರೆ ಮುಕ್ಕಾಲು. 60 ಮತ್ತು ಅದಕ್ಕೆ ಮೇಲ್ಪಟ್ಟುದೆಲ್ಲ ಪೂರ್ತಿ. ನಿಜವಾದ ಜ್ಯಾ ಮೌಲ್ಯಗಳು 0.26, 0.5, 0.71, 0.87. ಕೊನೆಯದರಲ್ಲಿ ಮಾತ್ರ ಕಣ್ಣಿಗೆ ಕಾಣುವ ವ್ಯತ್ಯಾಸವಿದೆ. ಹನ್ನೆರಡು ಅಂಶದ ಮೇಲೆ ಅದು ಒಂದೂವರೆ ಅಂಶ, ಮತ್ತು ಒಂದೂವರೆ ಅಂಶವನ್ನು ಕುಲುಕಾಡುವ ಸಣ್ಣ ವಿಮಾನದಲ್ಲಿ ಹಿಡಿದು ನಿಲ್ಲಿಸಬಲ್ಲ ವಿದ್ಯಾರ್ಥಿಯು ದುರ್ಲಭ. ಕೈಗೆ ಸಾಧ್ಯವಿರುವ ನಿಖರತೆಗಿಂತ ಲೆಕ್ಕದ ನಿಖರತೆಯನ್ನು ಹೆಚ್ಚಿಸುವುದರಿಂದ ಪ್ರಯೋಜನವಿಲ್ಲವೆಂಬ ವಿವೇಕವು ಈ ವಿಧಾನದಲ್ಲಿ ಅಡಗಿದೆ. ನಾನು ಇದನ್ನು ತುಂಬ ಮೆಚ್ಚಿಕೊಳ್ಳುವುದು ಅದಕ್ಕಾಗಿಯೇ.

ಔರಾದದ ದಾರಿಗೆ ಇದನ್ನು ಹಚ್ಚಿ ನೋಡೋಣ. ಪಥ 349, ಗಾಳಿ 260. ನಡುವೆ 89 ಅಂಶ. ಗಾಳಿಯು ಎಡಗಡೆಯಿಂದ ಪೂರ್ತಿ ಅಡ್ಡ. ಹನ್ನೆರಡು ಅಂಶಗಳನ್ನೂ ಎಡಕ್ಕೆ ಕೊಟ್ಟು ಮುಖದಿಶೆಯನ್ನು 337ಕ್ಕೆ ಇಡಬೇಕು. ಕಾಂತಸೂಚಿಯ ಉತ್ತರಕ್ಕೂ ಭೂಮಿಯ ಉತ್ತರಕ್ಕೂ ಇರುವ ವ್ಯತ್ಯಾಸವು ನಮ್ಮ ಸೀಮೆಯಲ್ಲಿ ಒಂದು ಅಂಶದ ಆಸುಪಾಸಿನದಾದುದರಿಂದ ಅದನ್ನು ಇಲ್ಲಿ ಬದಿಗಿರಿಸಿದರೆ ಹಾನಿಯಿಲ್ಲ. ಗಾಳಿಯು ಎದುರಿನಿಂದಲೂ ಬಾರದು, ಬೆನ್ನಿನಿಂದಲೂ ಬಾರದು. 21 ಮೈಲಿಗೆ 14 ನಿಮಿಷ. ವಿದ್ಯಾರ್ಥಿಯು ಹೊರಟ ಸಮಯವನ್ನು ಬರೆದುಕೊಳ್ಳುತ್ತಾನೆ, ಮುಖದಿಶೆಯನ್ನು ಹಿಡಿಯುತ್ತಾನೆ, ಕಾಯುತ್ತಾನೆ.

ಕಾಯುವುದೆಂಬುದೇ ಈ ವಿದ್ಯೆಯ ಅತಿ ಕಠಿನವಾದ ಭಾಗ. ಬೀದರದ ಕೋಟೆಯನ್ನೂ ಚೌಬಾರಾವನ್ನೂ ಹಿಂದಿಕ್ಕಿ, ಜಂಬಿಟ್ಟಿಗೆಯ ಕೆಂಪು ಪ್ರಸ್ಥಭೂಮಿಯ ಅಂಚನ್ನು ದಾಟಿದೊಡನೆ ಕೆಳಗೆ ಕಪ್ಪು ನೆಲವು ಹಾಸಿಕೊಳ್ಳುತ್ತದೆ. ಆ ಕೆಂಪು ಕಪ್ಪುಗಳ ಸೀಮಾರೇಖೆಯಷ್ಟು ಒಳ್ಳೆಯ ಗುರುತು ಮುಂದೆ ಬಹುದೂರ ಸಿಗುವುದಿಲ್ಲ. ತೊಗರಿಯ ಹೊಲ, ಸೋಯಾ ಹೊಲ, ಒಂದು ಗುಡಿ, ಒಂದು ಮಸೀದಿ, ಗೋಪುರದಂತೆ ನಿಂತ ನೀರಿನ ತೊಟ್ಟಿ, ಅಡ್ಡ ಹೋಗುವ ಒಂದು ಡಾಂಬರು ರಸ್ತೆ. ಎಲ್ಲ ಹಳ್ಳಿಗಳೂ ಮೇಲಿನಿಂದ ಒಡಹುಟ್ಟಿದವರಂತೆ ಕಾಣುತ್ತವೆ. ಅನನುಭವಿಯು ಕೆಳಗೆ ನೋಡಿ ಒಂದು ಹಳ್ಳಿಯನ್ನು ಕಾಣುತ್ತಾನೆ, ಅನಂತರ ಅಂಥದೇ ಹಳ್ಳಿಯನ್ನು ನಕ್ಷೆಯಲ್ಲಿ ಹುಡುಕುತ್ತಾನೆ, ಹುಡುಕುವವನಿಗೆ ಅದು ಸಿಕ್ಕೇ ಸಿಗುತ್ತದೆ, ಏಕೆಂದರೆ ಅಂಥ ಹಳ್ಳಿಗಳು ನಕ್ಷೆಯ ತುಂಬ ಇವೆ. ಹೀಗೆ ಅವನು ಇಲ್ಲದ ಸ್ಥಳದಲ್ಲಿ ತಾನಿರುವೆನೆಂದು ನಂಬಿ, ಆ ನಂಬಿಕೆಗೆ ತಕ್ಕಂತೆ ತಿರುಗಿ, ದಾರಿ ತಪ್ಪುತ್ತಾನೆ. ಅನುಭವಸ್ಥರ ಕ್ರಮವು ಇದಕ್ಕೆ ತದ್ವಿರುದ್ಧ: ಮೊದಲು ಗಡಿಯಾರ, ಅನಂತರ ನಕ್ಷೆ, ಕೊನೆಗೆ ನೆಲ. ಹೊರಟು ಏಳು ನಿಮಿಷವಾಯಿತು. ಏಳು ನಿಮಿಷಕ್ಕೆ ಹತ್ತೂವರೆ ಮೈಲಿ. ನಕ್ಷೆಯ ಪ್ರಕಾರ ಅಲ್ಲಿ ಮಾಂಜ್ರಾ ನದಿಯಿರಬೇಕು. ಈಗ ಕೆಳಗೆ ನೋಡು. ಇರಬೇಕಾದುದನ್ನು ಮೊದಲು ಹೇಳಿಕೊಂಡು ಅನಂತರ ನೋಡುವವನ ಕಣ್ಣು ಸುಲಭವಾಗಿ ಮೋಸಹೋಗುವುದಿಲ್ಲ. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ. ಗಾಳಿಯ ಲೆಕ್ಕವೆಲ್ಲವೂ ಈ ಕ್ರಮವನ್ನು ಸಾಧ್ಯಗೊಳಿಸುವುದಕ್ಕಾಗಿ ಇರುವುದು.

ಮಾಂಜ್ರಾ ನದಿಯು ಔರಾದದ ದಾರಿಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಅಡ್ಡ ಹರಿಯುವುದು ವಿದ್ಯಾರ್ಥಿಯ ಭಾಗ್ಯವೆನ್ನಬೇಕು. ನದಿಯನ್ನು ದಾಟಿದ ಗಳಿಗೆಯು ವೇಗದ ಪರೀಕ್ಷೆ. ನದಿಯ ಯಾವ ತಿರುವಿನಲ್ಲಿ, ಬೀದರ–ಔರಾದ ರಸ್ತೆಯ ಸೇತುವೆಯಿಂದ ಎಷ್ಟು ದೂರದಲ್ಲಿ ದಾಟಿದೆವೆಂಬುದು ದಿಕ್ಕಿನ ಪರೀಕ್ಷೆ. ಹತ್ತು ಮೈಲಿ ಕ್ರಮಿಸುವಷ್ಟರಲ್ಲಿ ಗೆರೆಯಿಂದ ಒಂದು ಮೈಲಿ ಬಲಕ್ಕೆ ಬಂದಿರುವೆವೆಂದು ನದಿಯು ತೋರಿಸಿಕೊಟ್ಟಿತೆಂದು ಭಾವಿಸಿರಿ. ಆಗ ಮಾಡಬೇಕಾದುದೇನು? ಇಲ್ಲಿ ಅರವತ್ತಕ್ಕೆ ಒಂದು ಎಂಬ ಸೂತ್ರವು ನೆರವಿಗೆ ಬರುತ್ತದೆ: 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಸರಿದರೆ ತಪ್ಪಿದ ಕೋನವು ಒಂದು ಅಂಶ. ಹತ್ತಕ್ಕೆ ಒಂದೆಂದರೆ ಅರವತ್ತಕ್ಕೆ ಆರು. ಆರು ಅಂಶದ ತಪ್ಪು. ಎಡಕ್ಕೆ ಆರು ಅಂಶ ತಿರುಗಿದರೆ ಗೆರೆಗೆ ಸಮಾನಾಂತರವಾಗಿ ಸಾಗುವೆವೇ ಹೊರತು ಔರಾದವನ್ನು ಮುಟ್ಟುವುದಿಲ್ಲ, ಅದರ ಮೂಡಣಕ್ಕೆ ಒಂದು ಮೈಲಿ ಆಚೆ ಹಾದುಹೋಗುವೆವು. ಉಳಿದಿರುವ 11 ಮೈಲಿಯಲ್ಲಿ ಆ ಒಂದು ಮೈಲಿಯನ್ನು ಕಳೆಯಬೇಕಾದರೆ ಇನ್ನೂ ಐದೂವರೆ ಅಂಶ ಬೇಕು. ಒಟ್ಟು ಹನ್ನೊಂದೋ ಹನ್ನೆರಡೋ ಅಂಶ ಎಡಕ್ಕೆ ತಿರುಗಿ, ಒಮ್ಮೆ ತಿರುಗಿದ ಮೇಲೆ ಮತ್ತೆ ಕದಲದೆ ಇರತಕ್ಕದ್ದು. ದಾರಿಯ ಸರಿಯಾದ ಅರ್ಧದಲ್ಲಿ ತಪ್ಪು ಕಂಡರೆ ಲೆಕ್ಕವು ಇನ್ನೂ ಸರಳ: ತಪ್ಪಿದ ಕೋನದ ಇಮ್ಮಡಿ.

ಈ ಅರವತ್ತು ಎಲ್ಲಿಂದ ಬಂತು? 60 ಮೈಲಿ ತ್ರಿಜ್ಯದ ವೃತ್ತವನ್ನು ಬರೆದರೆ ಅದರ ಪರಿಧಿಯು ಸುಮಾರು 377 ಮೈಲಿ. ಅದನ್ನು 360 ಅಂಶಗಳಿಗೆ ಹಂಚಿದರೆ ಅಂಶಕ್ಕೆ ಒಂದು ಮೈಲಿಗಿಂತ ಕೂದಲೆಳೆಯಷ್ಟು ಹೆಚ್ಚು. ಅಂಶಕ್ಕೆ ಸರಿಯಾಗಿ ಒಂದೇ ಮೈಲಿ ಬರಬೇಕಾದರೆ ತ್ರಿಜ್ಯವು 57.3 ಇರಬೇಕು, ಭಾಗಾಕಾರಕ್ಕೆ ಒಗ್ಗುವ ಸಂಖ್ಯೆಯೆಂದು 60ನ್ನು ಹಿಡಿದಿದ್ದಾರೆ. ಆರ್ಯಭಟನು ತನ್ನ ಜ್ಯಾಸಾಧನೆಗೆ ಆಧಾರವಾಗಿ ತೆಗೆದುಕೊಂಡ ತ್ರಿಜ್ಯವು 3438 ಕಲೆ. ಅದನ್ನು 60ರಿಂದ ಭಾಗಿಸಿ ನೋಡಿದರೆ ಇದೇ 57.3. ಅವನ ಕೋಷ್ಟಕದ ಮೊದಲ ನಮೂದಿನಲ್ಲಿ 225 ಕಲೆಯ ಚಾಪಕ್ಕೆ ಜ್ಯಾ ಕೂಡ 225. ಸಣ್ಣ ಕೋನದಲ್ಲಿ ಬಿಲ್ಲಿಗೂ ಹೆದೆಗೂ ಉದ್ದದಲ್ಲಿ ಭೇದವಿಲ್ಲವೆಂಬ ತತ್ತ್ವ. ಮಾಂಜ್ರೆಯ ಮೇಲೆ ಹಾರುವ ವಿದ್ಯಾರ್ಥಿಯು ಹತ್ತಕ್ಕೆ ಒಂದು, ಅರವತ್ತಕ್ಕೆ ಆರು ಎಂದು ಗುಣುಗುಣಿಸುವಾಗ ಅವನು ಬಳಸುತ್ತಿರುವುದು ಇದೇ ತತ್ತ್ವವನ್ನು. ಇದನ್ನು ನಮ್ಮ ಶಾಲೆಗಳಲ್ಲಿ ಗಣಿತದ ಅಧ್ಯಾಪಕರು ಮಕ್ಕಳಿಗೆ ಒಮ್ಮೆಯಾದರೂ ವಿಮಾನದ ಉದಾಹರಣೆಯೊಡನೆ ಹೇಳಿಕೊಡಬೇಕೆಂದು ನನಗೆ ಎಷ್ಟೋ ಸಲ ಅನಿಸಿದೆ; ಔರಾದದ ಮಗುವಿಗೆ ತಲೆಯ ಮೇಲೆಯೇ ಉದಾಹರಣೆಯು ಹಾರುತ್ತಿರುವಾಗ ಪುಸ್ತಕದ ದೀಪಸ್ತಂಭವೂ ಅದರ ನೆರಳೂ ಏಕೆ?

ನದಿಯ ಬಳಿ ಕಂಡ ಆ ಒಂದು ಮೈಲಿಯ ಕಥೆಯನ್ನು ಸದ್ಯಕ್ಕೆ ಅಲ್ಲಿಯೇ ಬಿಟ್ಟು, ಹವಾಮಾನದವರು ಹೇಳಿದ ಗಾಳಿಯನ್ನೇ ನಂಬಿ ಮುಂದುವರಿಯೋಣ. ಔರಾದದಿಂದ ಭಾಲ್ಕಿಗೆ ಪಥ 224. ಗಾಳಿಯು ಬಲಗಡೆ ಮುಂದಿನಿಂದ, 36 ಅಂಶದ ಓರೆಯಲ್ಲಿ. 36 ನಿಮಿಷವೆಂದರೆ ಗಂಟೆಯ ಹತ್ತರಲ್ಲಿ ಆರು ಪಾಲು, ಹನ್ನೆರಡರ ಆರು ಪಾಲು ಏಳು ಅಂಶ, ಮುಖದಿಶೆ 231. ಈಗ ಗಾಳಿಯು ಎದುರಿನಿಂದಲೂ ಬರುತ್ತಿರುವುದರಿಂದ ವೇಗವನ್ನೂ ತಿನ್ನುತ್ತದೆ. ಎಷ್ಟು ತಿನ್ನುತ್ತದೆಂಬುದಕ್ಕೂ ಅದೇ ಗಡಿಯಾರ: 90ರಲ್ಲಿ 36 ಕಳೆದರೆ 54, 54 ನಿಮಿಷವೆಂದರೆ ಹತ್ತರಲ್ಲಿ ಒಂಬತ್ತು ಪಾಲು, 18ರಲ್ಲಿ ಹದಿನಾರು. ನೆಲದ ಮೇಲಿನ ವೇಗವು 90ರಿಂದ 74ಕ್ಕೆ ಇಳಿಯಿತು. ಗಾಳಿಯಿಲ್ಲದಿದ್ದರೆ ಹನ್ನೆರಡು ನಿಮಿಷದೊಳಗೆ ಮುಗಿಯಬೇಕಾಗಿದ್ದ ದಾರಿಗೆ 14 ನಿಮಿಷ ಹಿಡಿಯುವುದು. ಆ ಎರಡು ಹೆಚ್ಚಿನ ನಿಮಿಷಗಳೇ ಅಪಾಯದ ನಿಮಿಷಗಳು. ಲೆಕ್ಕ ಮಾಡದವನು ಹನ್ನೆರಡನೆಯ ನಿಮಿಷಕ್ಕೆ ಭಾಲ್ಕಿ ಕಾಣಲಿಲ್ಲವೆಂದು ಕಳವಳಗೊಂಡು, ಕೆಳಗೆ ಸಿಕ್ಕಿದ ಯಾವುದೋ ದೊಡ್ಡ ಊರನ್ನೇ ಭಾಲ್ಕಿಯೆಂದು ಭ್ರಮಿಸುವ ಹೊತ್ತು ಅದು.

ಭಾಲ್ಕಿಯನ್ನು ಹುಡುಕುವವನಿಗೆ ಇನ್ನೊಂದು ಸಹಾಯವಿದೆ: ಬೀದರದಿಂದ ಭಾಲ್ಕಿಯ ಮೂಲಕ ಕಮಲನಗರ, ಉದಗೀರಗಳತ್ತ ಹೋಗುವ ರೈಲುಹಾದಿ. ಔರಾದದಿಂದ ಬರುವವನಿಗೆ ಅದು ಅಡ್ಡಲಾಗಿ ಸಿಗುತ್ತದೆ. ಆದರೆ ಹಳಿಯ ಮೇಲೆ ಬಂದು ನಿಂತಾಗ ಊರು ಕಾಣದಿದ್ದರೆ ಅದು ಎಡಕ್ಕಿದೆಯೋ ಬಲಕ್ಕಿದೆಯೋ? ನೇರ ಗುರಿಯಿಟ್ಟು ಬಂದವನಿಗೆ ಅದನ್ನು ತಿಳಿಯುವ ಉಪಾಯವಿಲ್ಲ. ಬೇಕೆಂದೇ ನಾಲ್ಕೈದು ಅಂಶ ಎಡಕ್ಕೆ ಗುರಿ ಹಿಡಿದು ಬಂದವನಿಗಾದರೋ ಸಂಶಯವೇ ಇಲ್ಲ. ಹಳಿಯನ್ನು ಕಂಡೊಡನೆ ಬಲಕ್ಕೆ ತಿರುಗಿದರೆ ಭಾಲ್ಕಿ. ತಿಳಿದು ಮಾಡಿದ ತಪ್ಪು ತಿಳಿಯದೆ ಆದ ತಪ್ಪಿಗಿಂತ ಹೆಚ್ಚು ಉಪಯುಕ್ತವಾದುದೆಂಬ ಈ ಸೂಕ್ಷ್ಮವನ್ನು ಫ್ರಾನ್ಸಿಸ್ ಚಿಚೆಸ್ಟರ್ ಎಂಬ ಸಾಹಸಿಯು 1931ರಲ್ಲಿ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಒಬ್ಬನೇ ಟಾಸ್ಮನ್ ಸಮುದ್ರವನ್ನು ದಾಟುವಾಗ ಬಳಸಿದನು. ನಡುಸಮುದ್ರದ ನಾರ್ಫೋಕ್ ಮತ್ತು ಲಾರ್ಡ್ ಹೋವ್ ದ್ವೀಪಗಳನ್ನು ಅವನು ಮುಟ್ಟಬೇಕಾಗಿತ್ತು; ತಪ್ಪಿದರೆ ಮುಂದೆ ನೀರೇ ನೀರು. ಅವನು ದ್ವೀಪದ ಕಡೆಗೆ ಹಾರದೆ ಅದರ ಒಂದು ಪಕ್ಕಕ್ಕೆ ಹಾರಿ, ಸೂರ್ಯನ ಎತ್ತರವನ್ನಳೆದು ಲೆಕ್ಕಹಾಕಿದ ರೇಖೆಗೆ ಬಂದೊಡನೆ ಗೊತ್ತಾದ ಕಡೆಗೆ ತಿರುಗಿ ದ್ವೀಪವನ್ನು ಕಂಡನು. ನಮ್ಮ ರೈಲುಹಾದಿಯ ಸ್ಥಾನದಲ್ಲಿ ಅವನಿಗೆ ಇದ್ದುದು ಸೂರ್ಯರೇಖೆಯೊಂದೇ.

ಮೂರನೆಯ ಭುಜ ಭಾಲ್ಕಿಯಿಂದ ಬೀದರಕ್ಕೆ. ಗಾಳಿಯು ಈಗ ಬಲಗಡೆ ಹಿಂದಿನಿಂದ. ಬಾಲದ ರೇಖೆಯಿಂದ 37 ಅಂಶ. ಓರೆಸರಿತ ಏಳು, ಬಲಕ್ಕೆ ತಿದ್ದಿದರೆ ಮುಖದಿಶೆ 124; ವೇಗವು 105ರ ಸುಮಾರು; ಸಮಯ 10 ನಿಮಿಷಕ್ಕೆ ಸ್ವಲ್ಪ ಮೇಲೆ. ಮೂರು ಭುಜಗಳ ಸಮಯವನ್ನು ಕೂಡಿಸಿದರೆ ನಿಶ್ಚಲ ವಾಯುವಿನಲ್ಲಿ ಹಿಡಿಯುತ್ತಿದ್ದ ಸಮಯಕ್ಕಿಂತ ಒಂದು ನಿಮಿಷ ಹೆಚ್ಚೇ ಆಗಿರುವುದನ್ನು ಕಾಣಬಹುದು. ಎದುರುಗಾಳಿ ಕಸಿದುಕೊಂಡದ್ದನ್ನು ಬೆನ್ನುಗಾಳಿ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ, ಬೆನ್ನುಗಾಳಿಯಲ್ಲಿ ಕಡಿಮೆ ಹೊತ್ತು, ಮತ್ತು ಅಡ್ಡಗಾಳಿಯನ್ನು ತಿದ್ದಲು ಮೂತಿಯನ್ನು ಓರೆಮಾಡಿದಾಗಲೂ ವೇಗದ ಸ್ವಲ್ಪ ಭಾಗವು ಪಕ್ಕಕ್ಕೆ ವ್ಯಯವಾಗುತ್ತದೆ. ಹೋಗಿಬರುವ ಪ್ರಯಾಣಕ್ಕೆ ಗಾಳಿಯಿಂದ ಎಂದಿಗೂ ಲಾಭವಿಲ್ಲವೆಂಬ ಈ ಸತ್ಯವನ್ನು ಇಂಧನದ ಲೆಕ್ಕ ಬರೆಯುವವನು ಮರೆಯತಕ್ಕದ್ದಲ್ಲ.

ಕಾಂತಸೂಚಿಯನ್ನು ಕುರಿತು ಹೇಳಬೇಕಾದುದು ಸ್ವಲ್ಪ: ತಿರುಗುವಾಗಲೂ ವೇಗ ಬದಲಾಯಿಸುವಾಗಲೂ ಅದು ತೂಗಾಡಿ ತಪ್ಪು ದಿಕ್ಕನ್ನು ತೋರಿಸುತ್ತದೆ, ಸಮವಾಗಿ, ನೇರವಾಗಿ ಹಾರುತ್ತಿರುವಾಗ ಮಾತ್ರ ಅದನ್ನು ಓದಬೇಕು. ಗಾಳಿಯನ್ನು ಕುರಿತು ಹೇಳಬೇಕಾದುದು ಹೆಚ್ಚು. ನೆಲದ ಉಜ್ಜುವಿಕೆಯಿಂದ ಕೆಳಗಿನ ಗಾಳಿಯು ಕುಗ್ಗಿರುತ್ತದೆ. ಮೇಲೇರಿದಂತೆ ವೇಗವು ಹೆಚ್ಚುತ್ತದೆ, ದಿಕ್ಕು ಬಲಕ್ಕೆ ತಿರುಗುತ್ತದೆ. ಬೀದರವು ಸಮುದ್ರಮಟ್ಟದಿಂದ ಸುಮಾರು 660 ಮೀಟರು ಎತ್ತರದಲ್ಲಿರುವುದರಿಂದ ಮುನ್ಸೂಚನೆಯ ಪಟ್ಟಿಯಲ್ಲಿ ಯಾವ ಎತ್ತರದ ಗಾಳಿಯನ್ನು ಓದುತ್ತಿರುವೆನೆಂಬುದನ್ನು ವಿದ್ಯಾರ್ಥಿಯು ಎರಡು ಸಲ ನೋಡಬೇಕು. ಪಟ್ಟಿಯನ್ನು ಬಿಟ್ಟು ಕಣ್ಣಿನಿಂದ ಗಾಳಿಯನ್ನು ಓದುವ ವಿದ್ಯೆಯೂ ಇದೆ. ಸಕ್ಕರೆ ಕಾರ್ಖಾನೆಯ ಹೊಗೆ ಎತ್ತ ವಾಲಿದೆ? ಎರೆಹಾದಿಯಲ್ಲಿ ಓಡುವ ಟ್ರ್ಯಾಕ್ಟರಿನ ಹಿಂದೆ ಎದ್ದ ಧೂಳು ಎತ್ತ ತೇಲುತ್ತಿದೆ? ಕಾರಂಜಾ ಜಲಾಶಯದ ನೀರಿನಲ್ಲಿ ಯಾವ ದಡದ ಅಂಚು ನುಣುಪಾಗಿದೆ? ಗಾಳಿ ಬರುವ ಕಡೆಯ ದಡದ ಮರೆಯಲ್ಲಿ ನೀರು ಕನ್ನಡಿಯಂತಿರುತ್ತದೆ. ಮೋಡಗಳ ನೆರಳು ಹೊಲಗಳನ್ನು ದಾಟಿ ಓಡುವ ದಿಕ್ಕು ಮೋಡದ ಎತ್ತರದ ಗಾಳಿಯನ್ನು ತೋರಿಸುತ್ತದೆ. ಇವು ಯಾವುವೂ ಉಪಕರಣಗಳಲ್ಲ. ಆದರೆ ಇವು ಒಮ್ಮೊಮ್ಮೆ ಮುನ್ಸೂಚನೆಗಿಂತ ಹೊಸ ಸುದ್ದಿಯನ್ನು ಹೇಳುತ್ತವೆ.

ಉಪಗ್ರಹಗಳಿಂದ ಸ್ಥಾನವನ್ನು ತಿಳಿಯುವ ಜಿಪಿಎಸ್ ಇರುವಾಗ ಇಷ್ಟೆಲ್ಲ ಏಕೆಂದು ಕೇಳುವವರುಂಟು. ಪ್ರಶ್ನೆಯು ಅನುಚಿತವಲ್ಲ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆಯ ಚೀಲಗಳನ್ನು ಪುಸ್ ಮಾತ್ ವಿಮಾನದಲ್ಲಿ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವನ್ನು ನಮ್ಮ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಆ ದಿನಗಳಲ್ಲಿ ಅವರಿಗೆ ಆಸರೆಯಾದುದು ಕಾಂತಸೂಚಿ, ಗಡಿಯಾರ, ನಕ್ಷೆ ಮತ್ತು ತಲೆಯೊಳಗಿನ ಲೆಕ್ಕ. ಇಂದಿನ ವಿದ್ಯಾರ್ಥಿಗೆ ತಾನೆಲ್ಲಿರುವೆನೆಂಬುದನ್ನು ಪರದೆಯು ಕ್ಷಣಕ್ಷಣಕ್ಕೆ ಹೇಳುತ್ತದೆ, ಅದನ್ನು ಬಳಸದಿರುವುದು ಅವಿವೇಕವೇ ಸರಿ. ಆದರೆ ಪರದೆಯನ್ನು ಪರೀಕ್ಷಿಸಲು ಅವನ ಬಳಿ ಸ್ವತಂತ್ರವಾದ ಒಂದು ನಿರೀಕ್ಷೆಯಿರಬೇಕು. ತಪ್ಪಿ ಒಂದಂಕಿ ಬದಲಾಗಿ ಒತ್ತಿದ ಗುರಿಯ ಕಡೆಗೂ ಉಪಕರಣವು ಅಷ್ಟೇ ನಿಷ್ಠೆಯಿಂದ ದಾರಿ ತೋರಿಸುತ್ತದೆ. 337ರ ಆಸುಪಾಸಿನಲ್ಲಿರಬೇಕಾದ ಮುಖದಿಶೆಯು 37 ಆದಾಗ ಬೆಚ್ಚಿಬೀಳಬೇಕಾದವನು ಹಾರುವುದಕ್ಕೆ ಮೊದಲೇ ಹನ್ನೆರಡು ಅಂಶವೆಂದು ಲೆಕ್ಕ ಹಾಕಿಟ್ಟುಕೊಂಡವನು.

ಇನ್ನು ಮಾಂಜ್ರೆಯ ಬಳಿ ಬಿಟ್ಟುಬಂದ ಆ ಒಂದು ಮೈಲಿ. ಗಾಳಿಗೆಂದು ಹನ್ನೆರಡು ಅಂಶ ಎಡಕ್ಕೆ ತಿದ್ದಿಕೊಂಡು ಹೊರಟರೂ ಹತ್ತು ಮೈಲಿಯಲ್ಲಿ ವಿಮಾನವು ಆರು ಅಂಶ ಬಲಕ್ಕೆ ಹೋಯಿತೆಂದರೆ, ಮುಖದಿಶೆಯನ್ನು ಬಿಗಿಯಾಗಿ ಹಿಡಿದಿದ್ದುದು ನಿಜವಾದರೆ, ಆಗಿದ್ದ ಓರೆಸರಿತವು ಹನ್ನೆರಡಲ್ಲ, ಹದಿನೆಂಟು. ಮೊದಲ ಸೂತ್ರವನ್ನೇ ತಿರುಗಿಸಿ ಹಿಡಿಯಿರಿ: 18ನ್ನು 90ರಿಂದ ಗುಣಿಸಿ 60ರಿಂದ ಭಾಗಿಸಿದರೆ 27. ಮಾಂಜ್ರೆಯ ಮೇಲೆ ಬೀಸುತ್ತಿದ್ದ ಗಾಳಿಯು ಹವಾಮಾನದವರು ಹೇಳಿದ 18 ನಾಟ್ ಅಲ್ಲ, 27 ನಾಟ್. ಈ ಅಂಕಿಯನ್ನು ಯಾವ ಕಚೇರಿಯೂ ಕೊಟ್ಟಿರಲಿಲ್ಲ. ಒಂದು ನದಿಯ ತಿರುವು, ಒಂದು ಗಡಿಯಾರ, ಒಂದು ಬಾಯಿಲೆಕ್ಕ ಕೂಡಿ ಕೊಟ್ಟವು. ಉಳಿದ ಎರಡು ಭುಜಗಳನ್ನು ಹೊಸ ಅಂಕಿಯಿಂದ ಮತ್ತೆ ಲೆಕ್ಕ ಮಾಡಿ ಮುಗಿಸಿದ ವಿದ್ಯಾರ್ಥಿಯು ಬೀದರದಲ್ಲಿ ಇಳಿದ ಮೇಲೆ, ಬೆವರು ಒರೆಸಿಕೊಳ್ಳುವುದಕ್ಕೆ ಮೊದಲು, ಮುಂದಿನ ಸರದಿಗೆ ನಕ್ಷೆಯನ್ನು ಬಿಡಿಸಿಕೊಂಡು ಕುಳಿತಿರುವ ತನ್ನ ಜೊತೆಗಾರನ ಬಳಿಗೆ ಹೋಗಿ, ಅವನ ಕಾಗದದ ಮೇಲಿನ 18ನ್ನು ಹೊಡೆದು 27 ಎಂದು ಬರೆದುಕೊಡುತ್ತಾನೆ.